ಮೇಷ್ಟ್ರು ಕುಡಿಯದ ಕಾಫಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಕಾಫಿ ದಿನವೂ ಕಾಯಿಸುವ ಪದಾರ್ಥವಾಗಿರಲಿಲ್ಲ. ನಮ್ಮ ಹಳ್ಳಿ ತಿಗನಾರೆಯಲ್ಲಿ ನಮ್ಮದು ಕೂಲಿ ಮಾಡುವ ಮನೆ. ಬೆಳಗ್ಗೆ ಎದ್ದರೆ ಉಪ್ಪು ಹಾಕಿದ ರಾಗಿ ಅಂಬಲಿ, ಅಷ್ಟೇ. ಆ ವರ್ಷ ಬೆಟ್ಟದ ತೋಟಕ್ಕೆ ಕಾಫಿ ಹಣ್ಣು ಬಿಡಿಸಲು ಹೋಗಿದ್ದ ಅಪ್ಪ, ಬರುವಾಗ ತೋಟದವರು ಕೊಟ್ಟ ಒಂದು ಸೇರು ಬೀಜವನ್ನು ಟವೆಲಿನಲ್ಲಿ ಗಂಟು ಕಟ್ಟಿ ತಂದ.

ಆ ಬೀಜ ನಮಗಲ್ಲ, ಮೇಷ್ಟ್ರಿಗೆ. ಅಕ್ಕ ಐದನೆಯ ಕ್ಲಾಸು ಮುಗಿಸಿದ್ದಳು. ಮುಂದೆ ಓದಬೇಕಾದರೆ ಪೇಟೆಯ ಹಾಸ್ಟೆಲಿಗೆ ಸೇರಬೇಕು, ಅದರ ಅರ್ಜಿ ಮೇಷ್ಟ್ರ ಕೈಯಲ್ಲಿತ್ತು. ಭಾನುವಾರ ಮನೆಗೇ ಬಂದು ಮಾತಾಡುತ್ತೇನೆ ಎಂದಿದ್ದರು. ಮೇಲಿನ ಬೀದಿಯವರು ಯಾರೂ ನಮ್ಮ ಮನೆಯಲ್ಲಿ ನೀರು ಮುಟ್ಟುತ್ತಿರಲಿಲ್ಲ. ಮೇಷ್ಟ್ರೂ ಅವರ ಪೈಕಿಯೇ. ಅಂಥವರು ಬರುತ್ತಾರೆಂದರೆ ಅಪ್ಪನನ್ನು ಹಿಡಿಯುವವರೇ ಇರಲಿಲ್ಲ.

ಅಕ್ಕ ಬೀಜವನ್ನು ಮೊರದಲ್ಲಿ ಹರಡಿ, ಒಡೆದದ್ದು, ಕಪ್ಪಾದದ್ದು, ಹುಳು ಕೊರೆದದ್ದನ್ನೆಲ್ಲ ಒಂದೊಂದಾಗಿ ಆರಿಸಿ ತೆಗೆದಳು. ಮಣ್ಣಿನ ಓಡಿನಲ್ಲಿ ಸಣ್ಣ ಉರಿಯಲ್ಲಿ ಹುರಿದಳು. ಚಟಪಟ ಸದ್ದು, ಬೆಲ್ಲ ಸೀದಂಥ ಪರಿಮಳ. ಬೀದಿಯವರೆಲ್ಲ ಒಮ್ಮೆ ಇಣುಕಿ ಹೋದರು. ಆರಿದ ಮೇಲೆ ಡಬ್ಬಿಗೆ ತುಂಬಿ, "ಮುಟ್ಬ್ಯಾಡ ಕಣ್ಲಾ, ಮೇಷ್ಟ್ರು ಬರಗಂಟ ಆಗೇ ಇರ್ಲಿ" ಎಂದು ನನ್ನನ್ನು ಗದರಿದಳು.

ಸುಮ್ಮನಿರುವ ಮಗುವೇ ನಾನು? ಹಿಂದಿನ ವಾರವಷ್ಟೇ ಅವ್ವ ಅವರೆ ಬಿತ್ತನೆಬೀಜಕ್ಕೆ ಹುಳು ಬೀಳದಂತೆ ಒಣಬೇವಿನ ಸೊಪ್ಪಿನ ಪುಡಿ ಬೆರೆಸಿ ಇಟ್ಟಿದ್ದಳು. ಕಾಫಿಯೂ ಬೀಜವೇ ಅಲ್ಲವೇ? ಇದಕ್ಕೆ ಹುಳು ಬಿದ್ದರೆ ಅಕ್ಕನ ಓದು ಹೋದೀತೆಂದು, ಉಳಿದಿದ್ದ ಪುಡಿಯಲ್ಲಿ ಎರಡು ಹಿಡಿ ಡಬ್ಬಿಗೆ ಸುರಿದು ಚೆನ್ನಾಗಿ ಕುಲುಕಿದೆ. ದೊಡ್ಡ ಕೆಲಸ ಮಾಡಿದೆನೆಂದು ಒಳಗೊಳಗೇ ಹಿಗ್ಗಿದೆ.

ಭಾನುವಾರ ಮೇಷ್ಟ್ರು ಹೇಳಿದ್ದಕ್ಕಿಂತ ಬೇಗ ಬಂದುಬಿಟ್ಟರು. ಅಕ್ಕ ಗಡಿಬಿಡಿಯಲ್ಲಿ, ಕತ್ತಲು ತುಂಬಿದ ಒಳಮನೆಯಲ್ಲಿ, ಡಬ್ಬಿಯನ್ನು ಹಾಗೆಯೇ ಒರಳಿಗೆ ಬಗ್ಗಿಸಿ ಕುಟ್ಟಿದಳು. ಬೆಲ್ಲದ ನೀರಿಗೆ ಪುಡಿ ಹಾಕಿ ಕುದಿಸಿ ಬಟ್ಟೆಯಲ್ಲಿ ಸೋಸಿದಳು. ರುಚಿ ನೋಡಲಿಲ್ಲ. ಬಂದವರಿಗೆ ಕೊಡುವುದನ್ನು ಮೊದಲೇ ಬಾಯಿಗಿಟ್ಟರೆ ಎಂಜಲು ಎಂಬುದು ನಮ್ಮ ಮನೆಯ ಕಟ್ಟಳೆ.

ಜಗಲಿಯ ಮೇಲೆ ಕೂತಿದ್ದ ಮೇಷ್ಟ್ರು ಲೋಟ ಎತ್ತಿ ಒಂದೇ ಗುಟುಕು ಕುಡಿದರು. ಮುಖ ಕಿವುಚಿದರು. ಲೋಟ ಕೆಳಗಿಟ್ಟು, "ಯಾಕೋ ಹೊಟ್ಟೆ ಸರಿಯಿಲ್ಲ. ಅರ್ಜಿಗೆ ನಾಳೆಯೇ ಕೊನೆ ದಿನ, ಮೊದಲ ಬಸ್ಸಿಗೆ ಹೋಗ್ತೀನಿ. ಅಷ್ಟರೊಳಗೆ ಬಂದು ಹೆಬ್ಬೆಟ್ಟು ಒತ್ತಪ್ಪ" ಎಂದು ಎದ್ದು ಹೋದರು.

ಅಪ್ಪ ಆ ಲೋಟವನ್ನೇ ನೋಡುತ್ತ ನಿಂತ. "ಒಟ್ಟೆ ಸರಿಯಿಲ್ವಂತೆ! ನಮ್ಮನೆ ಕಾಫಿ ಗಂಟ್ಲಲ್ಲಿ ಇಳೀನಿಲ್ಲ ಅನ್ನು. ನಮ್ಮ ಲೋಟಕ್ಕೆ ಏಸ್ಗೆ ಪಡೋರ ಮುಂದೆ ಓಗಿ ಕೈಕಟ್ಕಂಡು ನಿಂತ್ಕಬೇಕಾ ನಾನು? ಓದೂ ಬ್ಯಾಡ, ಏನೂ ಬ್ಯಾಡ" ಎಂದ.

ಅಕ್ಕ ಅಳುತ್ತ ಹಿತ್ತಲಿಗೆ ಹೋದಳು. ನಾನು ಪಾತ್ರೆಯ ತಳದಲ್ಲಿದ್ದ ಕಾಫಿಗೆ ಬೆರಳದ್ದಿ ನೆಕ್ಕಿದೆ. ಬೆಲ್ಲಕ್ಕೂ ಬಗ್ಗದ ಬೇವಿನ ಕಹಿ! ಆಗಲೇ ಎಲ್ಲ ಅರ್ಥವಾಯಿತು. ಹೇಳಬೇಕೆಂದು ಜಗಲಿಗೆ ಓಡಿದವನು ಅಪ್ಪನ ಮುಖ ನೋಡಿ ಹಾಗೇ ಒಳಗೆ ಹಿಂತಿರುಗಿದೆ. ಬೆಳಗ್ಗೆ ಹೇಳಿದರಾಯಿತು ಅಂದುಕೊಂಡೆ. ಬೆಳಗ್ಗೆ ಬಸ್ಸಿನ ಹಾರನ್ ಕೇಳಿತು. ಅಪ್ಪ ಕದಲಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಎಂಥ ಹೇಡಿ ನಾನು! ಆ ವಾರವೇ ಅಕ್ಕ ಅವ್ವನ ಜೊತೆ ಕಳೆ ಕೀಳುವ ಕೂಲಿಗೆ ಹೊರಟಳು.

ಈಗ ನಿಮ್ಮ ಅಡುಗೆಮನೆಯಲ್ಲಿ, ಮಕ್ಕಳೇ, ಕಾಫಿಬೀಜಕ್ಕೆಂದೇ ಗಾಳಿಯಾಡದ ಡಬ್ಬಿ, ಪುಟ್ಟ ತಕ್ಕಡಿ, ನೀರಿನ ಬಿಸಿ ಅಳೆಯುವ ಕಡ್ಡಿ. ಇಷ್ಟೆಲ್ಲ ಇದ್ದೂ ಒಮ್ಮೊಮ್ಮೆ ಕೆಡಿಸುತ್ತೀರಿ ಬಿಡಿ. ನಿಮ್ಮ ಗೆಳೆಯರು ಒಂದು ಗುಟುಕು ಕುಡಿದು "ಥೂ, ಕಹಿ!" ಎಂದು ಮುಖದ ಮೇಲೇ ಹೇಳುತ್ತಾರೆ. ನೀವು ನಕ್ಕು, ಚೆಲ್ಲಿ, ಮತ್ತೆ ಮಾಡುತ್ತೀರಿ. ನಮಗೆ ಅಷ್ಟು ಸಾಕಿತ್ತು. ಮೇಷ್ಟ್ರು ಹೇಳಬಹುದಿತ್ತು, ಅಪ್ಪ ಕೇಳಬಹುದಿತ್ತು. ಆ ಕಾಲದಲ್ಲಿ ಅವರಿಬ್ಬರ ನಡುವೆ ಅಂಥ ಸಲಿಗೆ ಇರಲಿಲ್ಲ. ನನಗೆ ಆ ನೆಪವೂ ಇಲ್ಲ. ಅಪ್ಪ ಸಾಯುವ ತನಕ ಮೇಷ್ಟ್ರನ್ನು ಬೈದ, ಅಕ್ಕ ಇಂದಿಗೂ ಬೈಯುತ್ತಾಳೆ. ನಾನು ಪಕ್ಕದಲ್ಲಿ ಕೂತು ಹೂಂಗುಟ್ಟುತ್ತೇನೆ.