ಹಾರ್ಮೋನಿಯಂ ಪೋಸ್ಟರ್

ಶಿವಮೊಗ್ಗದ ಗೋಪಾಳದಲ್ಲಿರುವ ನಮ್ಮ ಮನೆಯ ಹಾಲಿನಲ್ಲಿ ನಾನು ಮಾಡಿದ ಒಂದು ಪೋಸ್ಟರೂ ಇಲ್ಲ. ಅಲ್ಲಿರುವುದು ನನ್ನ ಗೆಳತಿಯದು. ಹಾಕಿದವರು ನನ್ನ ಗಂಡ.

ನಾನೂ ಗೆಳತಿಯೂ ಒಟ್ಟಿಗೆ ಚಿತ್ರಕಲೆ ಕಲಿತವರು. ಅವಳದು ಭದ್ರಾವತಿ, ಮನೆಮಾತು ತಮಿಳು, ಅಪ್ಪ ಕಾರ್ಖಾನೆಯಲ್ಲಿದ್ದವರು. ನಾಟಕವಿರಲಿ, ಕವಿಗೋಷ್ಠಿಯಿರಲಿ, ಶಿವಮೊಗ್ಗದಲ್ಲಿ ಪೋಸ್ಟರ್ ಬೇಕಾದರೆ ಮೊದಲು ನನಗೇ ಫೋನ್ ಬರುತ್ತಿತ್ತು. ಹೋದ ವರ್ಷ ಒಂದು ವಚನ ಗಾಯನಕ್ಕೆ ಅವಳನ್ನು ಕೇಳಿದರು. ಹಾರ್ಮೋನಿಯಂ ತಿದಿಯ ಮಡಿಕೆಗಳನ್ನೇ ಅವಳು ಪುಸ್ತಕದ ಹಾಳೆಗಳಾಗಿ ಬಿಡಿಸಿದ್ದಳು. ವಾಟ್ಸಾಪಿನಲ್ಲಿ ಅದನ್ನು ನೋಡಿದ ಕೂಡಲೇ, ಇದು ನನಗ್ಯಾಕೆ ಹೊಳೆಯಲಿಲ್ಲ ಅನ್ನಿಸಿತು. ಕನ್ನಡದಲ್ಲಾದರೂ ಎಲ್ಲೋ ಒಂದು ತಪ್ಪು ಮಾಡಿರಬೇಕು ಎಂದು ಚಿತ್ರವನ್ನು ದೊಡ್ಡದು ಮಾಡಿ ಮಾಡಿ ಹುಡುಕಿದೆ. ಒತ್ತಕ್ಷರಗಳೂ ಸರಿಯಾಗಿದ್ದವು.

ಗಂಡ ಅದರದ್ದೊಂದು ಪ್ರತಿ ತಂದು ಫ್ರೇಮ್ ಹಾಕಿಸಿದರು. "ನಿನ್ನ ಫ್ರೆಂಡ್ ಮಾಡಿದ್ದಲ್ವಾ, ನಿಂಗೆ ಖುಷಿ ಆಗುತ್ತೆ ಅಂದ್ಕೊಂಡೆ."

"ಆಯ್ತಲ್ಲ ಖುಷಿ," ಎಂದು ಒಳಗೆ ಹೋಗಿ ಕುಕ್ಕರನ್ನು ಒಲೆಯ ಮೇಲೆ ಕುಕ್ಕಿದೆ.

ಈ ವರ್ಷ ನಾನೂ ಗೆಳತಿಯೂ ಸೇರಿ ಊರಿನ ಒಂದು ಕಾಲೇಜಿನಲ್ಲಿ ಪೋಸ್ಟರ್ ಪ್ರದರ್ಶನ ಇಟ್ಟೆವು. ಮಲೆನಾಡಿನ ಮನೆಗೋಡೆಗಳ ಹಸೆ ಚಿತ್ತಾರದ ಗೆರೆಗಳಲ್ಲಿ ನಾನು ಡೊಳ್ಳು ಕುಣಿತದವರನ್ನು, ಸೋಬಾನೆ ಹಾಡುವ ಹೆಂಗಸರನ್ನು ಬರೆದಿದ್ದೆ. ಜನ ನೋಡಿ, "ಚೆನ್ನಾಗಿದೆ" ಎಂದು ಮುಂದಕ್ಕೆ ಹೋಗುತ್ತಿದ್ದರು. ಹಾರ್ಮೋನಿಯಂ ಎದುರು ಮಾತ್ರ ನಿಂತುಬಿಡುತ್ತಿದ್ದರು.

ಗೆಳತಿ ಊಟಕ್ಕೆ ಹೋಗಿದ್ದಾಗ ವಯಸ್ಸಾದ ಸಂಗೀತದ ಟೀಚರೊಬ್ಬರು ಬಂದು ಅದನ್ನೇ ನೋಡುತ್ತಾ ನಿಂತರು. ಅವರ ಕಣ್ಣು ತುಂಬಿತ್ತು.

"ನಮ್ಮಪ್ಪ ತೊಡೆ ಮೇಲೆ ಪುಸ್ತಕ ಇಟ್ಕೊಂಡೇ ಹಾರ್ಮೋನಿಯಂ ನುಡಿಸ್ತಿದ್ರು. ನೀವೇನಮ್ಮಾ ಇದನ್ನ ಮಾಡಿದ್ದು?" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು.

ನನ್ನ ಚಿತ್ರ ನೋಡಿ ಯಾರೂ ಹೀಗೆ ಕೈ ಹಿಡಿದಿರಲಿಲ್ಲ. ಬಿಡಿಸಿಕೊಳ್ಳಲು ಮನಸ್ಸೇ ಬರಲಿಲ್ಲ.

"ನಾನಲ್ಲ, ನನ್ನ ಗೆಳತಿ," ಅಂದೆ. "ಈಗ ಬರ್ತಾಳೆ, ಕೂತ್ಕೊಳ್ಳಿ."

ಅವರು ನನ್ನ ಕೈ ಬಿಟ್ಟು, ನನ್ನ ಡೊಳ್ಳಿನವರಿಗೆ ಬೆನ್ನು ಹಾಕಿ, ಬಾಗಿಲ ಕಡೆ ನೋಡುತ್ತಾ ಕೂತರು. ಅವಳು ಬಂದ ಮೇಲೆ ಇಬ್ಬರೂ ಎಷ್ಟೋ ಹೊತ್ತು ಮಾತಾಡಿದರು. ಟೀ ತಂದುಕೊಟ್ಟವಳು ನಾನು.

ಸಂಜೆ ಅವಳನ್ನು ಭದ್ರಾವತಿಗೆ ಬಿಡಲು ಸ್ಕೂಟರ್ ತೆಗೆದೆ. ದಾರಿಯಲ್ಲಿ ತಡೆಯಲಾಗದೆ ಹೇಳಿಬಿಟ್ಟೆ: "ನಿನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು ಕಣೆ."

"ಗೊತ್ತು ಮಾರಾಯ್ತಿ, ಮುಖದಲ್ಲೇ ಕಾಣುತ್ತೆ. ರಸ್ತೆ ನೋಡ್ಕೊಂಡು ಓಡ್ಸು," ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಆ ಹಾರ್ಮೋನಿಯಂ ಹೇಗೆ ಹೊಳೆಯಿತು ಎಂದು ಕೇಳಿದೆ. ಅವಳು ಹಿಂದಿನಿಂದ ಹೇಳುತ್ತಾ ಹೋದಳು. ಲಾರಿ ಸದ್ದಿನಲ್ಲಿ ಒಂದು ಮಾತೂ ತಪ್ಪಿಹೋಗದಿರಲೆಂದು ನಾನು ಸ್ಕೂಟರನ್ನು ನಿಧಾನ ಮಾಡಿದೆ.