ಟರ್ಬೊಗೆ ಮೂರು ನಮಾನ್

ಫೆಲ್ಸಿ ಬಾಯಮ್ಮ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದ ಮೇಲೆ ಕೂಡಲೇ ಇಳಿಯುತ್ತಿರಲಿಲ್ಲ. ಎಂಜಿನ್ ಓಡುತ್ತಲೇ ಇರುತ್ತಿತ್ತು. ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ ಕುಳಿತಿರುತ್ತಿದ್ದರು. ಎರ್ಮಾಳಿನಿಂದ ಮೀನು ತರುವ ಗಿರಿಜಕ್ಕ ಗೇಟಿನ ಬಳಿ ಬುಟ್ಟಿ ಇಳಿಸಿ, "ಪಾಪ, ಗಂಡನಿಗೆ ಪ್ರಾರ್ಥನೆ ಮಾಡ್ತಾರೆ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಪ್ರಾರ್ಥನೆ ಗಂಡನಿಗಲ್ಲ, ಟರ್ಬೊಗೆ.

ಏರಿನಲ್ಲಿ ಹೆಚ್ಚು ಬಲ ಕೊಡುವ ಟರ್ಬೊ ಎಂಜಿನನ್ನು ಜೋರಾಗಿ ದುಡಿಸಿದ ಮೇಲೆ ತಕ್ಷಣ ಬಂದ್ ಮಾಡಬಾರದು, ಬಿಸಿ ಇಳಿಯಲು ಸ್ವಲ್ಪ ಹೊತ್ತು ಹಾಗೇ ಬಿಡಬೇಕು ಎಂದು ಶೋರೂಮಿನವರು ಹೇಳಿ ಕಳಿಸಿದ್ದರು. ಸ್ವಲ್ಪ ಅಂದರೆ ಎಷ್ಟು ಎಂದು ಕೇಳಿದ್ದಕ್ಕೆ "ಹೀಗೇ, ಸ್ವಲ್ಪ" ಎಂದರಂತೆ. ಕುವೈತಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ಬಂದ ಬಾಯಮ್ಮನಿಗೆ ಇಂಥ ಅಳತೆ ಆಗಿಬರುತ್ತಿರಲಿಲ್ಲ. ತಾವೇ ಒಂದು ಲೆಕ್ಕ ಮಾಡಿಕೊಂಡರು. ಶಿರ್ವ ಪೇಟೆಗೆ ಹೋಗಿ ಬಂದರೆ ಒಂದು 'ನಮಾನ್ ಮರಿಯೆ', ಅಂದರೆ ಮೇರಿ ಮಾತೆಗೆ ಕೊಂಕಣಿಯಲ್ಲಿ ಹೇಳುವ ಪ್ರಾರ್ಥನೆ. ಮಣಿಪಾಲದ ಏರು ಹತ್ತಿದರೆ ಎರಡು. ಘಾಟಿ ಹತ್ತಿದರೆ ಮೂರು.

"ವಾಚ್ ನೋಡಿದ್ರೆ ಆಗುದಿಲ್ವಾ ಬಾಯಮ್ಮ?" ಎಂದು ಒಮ್ಮೆ ಕೇಳಿದ್ದೆ.

"ವಾಚ್ ನೋಡಿದ್ರೆ ಕಾರಿಗೆ ಮಾತ್ರ ಲಾಭ ಮಾರಾಯ. ಇದಾದ್ರೆ ನಂಗೂ ಸ್ವಲ್ಪ ಉಂಟು."

ನಾನು ಆಗ ಉಡುಪಿಯ ಒಂದು ಪತ್ರಿಕೆಯ ವರದಿಗಾರ. ಊರು ಕಾಪು, ವಾಸ ಶಿರ್ವದಲ್ಲಿ, ಬಾಯಮ್ಮನ ಮನೆಯ ಮಹಡಿಯಲ್ಲಿ ಬಾಡಿಗೆಗೆ. ಅವರು ನನ್ನ ಹೆಸರು ಹಿಡಿದು ಕರೆದದ್ದು ಕಡಿಮೆ. 'ಪೇಪರಿನವ' ಎನ್ನುತ್ತಿದ್ದರು. ಬಂಗುಡೆ ತಾಜಾ ಹೌದೋ ಅಲ್ಲವೋ ಎಂದು ಗಿರಿಜಕ್ಕನ ಜತೆ ಜಗಳವಾದರೂ ಮಹಡಿಯತ್ತ ತಲೆಯೆತ್ತಿ ಕೂಗುವರು: "ಪೇಪರಿನವನನ್ನು ಕೇಳುವ. ಅವ ಇದ್ದದ್ದನ್ನು ಇದ್ದ ಹಾಗೆ ಹೇಳುವವ." ನಾನು ಕಿವಿರು ಎತ್ತಿ ನೋಡಿ ತೀರ್ಪು ಕೊಡಬೇಕು. ಬಹಳ ಸಲ ಗಿರಿಜಕ್ಕನೇ ಗೆಲ್ಲುತ್ತಿದ್ದಳು. ಬಾಯಮ್ಮ ಅದಕ್ಕಾಗಿ ಒಮ್ಮೆಯೂ ಮುನಿಸಿಕೊಂಡದ್ದಿಲ್ಲ.

ಅರವತ್ತು ದಾಟಿದ ಮೇಲೆ ಟರ್ಬೊ ಕಾರೇ ಬೇಕೆಂದು ಹಟ ಹಿಡಿದದ್ದಕ್ಕೆ ಕಾರಣ ಒಂದು ಕಲ್ಲು. ಅವರ ಗಂಡ ಅಲ್ಬನ್ ಪೊರ್ಬುಗಳ (ನಮ್ಮ ಕಡೆ ಕ್ರೈಸ್ತ ಹೆಂಗಸರು ಬಾಯಮ್ಮ, ಗಂಡಸರು ಪೊರ್ಬು) ಹಳೆಯ ಕಾರು ಬಜಗೋಳಿ ದಾಟಿ ಮಾಳ ಘಾಟಿ ಹತ್ತುವಾಗ ಅರ್ಧದಲ್ಲಿ ಬಿಸಿಯಾಗಿ ನಿಂತುಬಿಡುತ್ತಿತ್ತು. ನಿಂತ ಕಾರು ಹಿಂದೆ ಜಾರದ ಹಾಗೆ ಚಕ್ರಕ್ಕೆ ಕಲ್ಲು ಕೊಡಬೇಕು. ಅಲ್ಬನ್ ಬ್ರೇಕ್ ಒತ್ತಿ ಹಿಡಿದು "ಫೆಲ್ಸಿ, ಕಲ್ಲು!" ಎನ್ನುವರು. ಬಾಯಮ್ಮ ಮಡಿಲಲ್ಲೇ ಇಟ್ಟುಕೊಂಡ ಕಲ್ಲಿನೊಂದಿಗೆ ಹಾರಿ ಇಳಿಯಬೇಕು.

"ಮದುವೆಯಾಗಿ ಅಷ್ಟು ವರ್ಷ ಘಾಟಿಯಲ್ಲಿ ನಾನು ನೋಡಿದ್ದು ಹಿಂದಿನ ಚಕ್ರ ಮಾತ್ರ. ಮೇಲೆ ಗುಡ್ಡ ಉಂಟು, ಹೊಳೆ ಉಂಟು ಅಂತ ಬೇರೆಯವರು ಹೇಳಿ ಗೊತ್ತು" ಎನ್ನುತ್ತಿದ್ದರು.

ಅಲ್ಬನ್ ತೀರಿಹೋದ ಮೇಲೆ, ಕುವೈತಿನ ಸಪಾಟು ರಸ್ತೆಗಳಲ್ಲಿ ಪಳಗಿದ ಕೈಯಲ್ಲೇ ಘಾಟಿ ಕಲಿತರು. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ, ಬೆಳ್ಮಣ್, ಕಾರ್ಕಳ, ಬಜಗೋಳಿ ದಾಟಿ ಮೇಲೆ ಹೋಗಿ, ಚಾ ಕುಡಿದು ಬರುವುದು ಅವರ ವಾರದ ವ್ರತ. ನನಗೆ ರಜೆಯಿದ್ದರೆ ನಾನೂ ಇರುತ್ತಿದ್ದೆ. ತಿರುವಿನಲ್ಲಿ ಎಂಜಿನ್ ಒಂದು ಗಳಿಗೆ ಸತ್ತಂತಾಗಿ, ಆಮೇಲೆ ಯಾರೋ ಹಿಂದಿನಿಂದ ದೂಡಿದಂತೆ ಕಾರು ಮೇಲಕ್ಕೆ ಹಾರುತ್ತಿತ್ತು. ಬಾಯಮ್ಮ ಖುಷಿಯಿಂದ ಹೇಳುವರು: "ನೋಡು, ಇದು ಮೊದಲು ಯೋಚನೆ ಮಾಡ್ತದೆ, ಮತ್ತೆ ಓಡ್ತದೆ. ಅಲ್ಬನ್ ಮೊದಲು ಓಡುವುದು, ಮತ್ತೆ ಯೋಚನೆ." ಹಾಗೆ ಹೇಳುವಾಗಲೂ ಡಿಕ್ಕಿಯಲ್ಲಿ ಗೋಣಿ ಸುತ್ತಿದ ಆ ಕಲ್ಲು ಇದ್ದೇ ಇತ್ತು.

ಮಗ ರೋಶನ್‌ಗೆ ಈ ವ್ರತ ಹಿಡಿಸಲಿಲ್ಲ. ಒಂದು ಡಿಸೆಂಬರ್ ರಜೆಗೆ ಕುವೈತಿನಿಂದ ಬಂದವನು ಕಾರು ಮಾರುವುದೆಂದೇ ಹೊರಟ. ಬಾಯಮ್ಮ ಊಟ ಬಿಡಲಿಲ್ಲ, ಅಳಲಿಲ್ಲ. "ಒಂದು ಸಲ ಬಾ ಪುತಾ. ನಿಂಗೆ ಹೆದರಿಕೆ ಆದ್ರೆ ನಾಳೆಯೇ ಮಾರು. ಪೇಪರಿನವ ಸಾಕ್ಷಿ" ಎಂದರು.

ಹೋದೆವು. ಘಾಟಿಯ ನಡುವೆ ಮುಂದೊಂದು ಲೋಡ್ ಲಾರಿ ತೆವಳುತ್ತಿತ್ತು. ಬಾಯಮ್ಮ ಅಂತರ ಬಿಟ್ಟು ಸುಮ್ಮನೆ ಹಿಂದೆಯೇ ಉಳಿದರು. ರೋಶನ್ ಸೀಟಿನಲ್ಲಿ ಮುಂದೆ ಮುಂದೆ ಬರತೊಡಗಿದ.

"ಮಮ್ಮಿ, ಜಾಗ ಉಂಟು. ತೆಗಿ, ಓವರ್‌ಟೇಕ್ ಮಾಡು."

"ಬಸ್ ಬರ್ತದೆ."

"ಎಲ್ಲಿ ಬಸ್? ಎಂತ ಮಮ್ಮಿ, ಟರ್ಬೊ ಇಟ್ಕೊಂಡು ಲಾರಿಯ ಹೊಗೆ ಕುಡಿಯುದಾ?"

ನನಗೂ ಏನೂ ಕೇಳಿಸಿರಲಿಲ್ಲ. ಮಾತು ಮುಗಿಯುವುದರೊಳಗೆ ತಿರುವಿನಾಚೆಯಿಂದ ಹಾರ್ನ್, ಅದರ ಬೆನ್ನಿಗೇ ರಸ್ತೆ ಪೂರ್ತಿ ತನ್ನದೇ ಎಂಬಂತೆ ಬಸ್ಸು. ಲಾರಿಯವನೇ ಚರಂಡಿಗೆ ಅಂಟಿ ನಿಂತ. ರೋಶನ್ ಹಿಂದಕ್ಕೆ ಒರಗಿದ. ಮೇಲೆ ಹೋಟೆಲಿನ ಅಂಗಳದಲ್ಲಿ ತಾಯಿ ಮೂರು ನಮಾನ್ ಮುಗಿಸಿದರು. ಆಮೇಲೆ ರೋಶನ್ ನನ್ನತ್ತ ತಿರುಗಿದ.

"ನಿಜ ಹೇಳಿ. ನಿಮ್ಗೆ ಹೆದರಿಕೆ ಆಗ್ಲಿಲ್ವಾ?"

"ಒಂದು ಸಲ ಆಯಿತು. ನೀವು ಓವರ್‌ಟೇಕ್ ಮಾಡು ಅಂದಾಗ."

ಬಾಯಮ್ಮ ಎಲ್ಲರಿಗೂ ಗೋಳಿಬಜೆ ತರಲು ಹೇಳಿದರು. ಕಾರು ಉಳಿಯಿತು.

ಕಳೆದ ವರ್ಷ ಅವರು ತೀರಿಕೊಂಡಾಗ ಇಗರ್ಜಿಯಲ್ಲಿ ಅವರ ಸೇವೆಯ ಬಗ್ಗೆ, ಧೈರ್ಯದ ಬಗ್ಗೆ ಹಲವರು ಮಾತನಾಡಿದರು. ಅವರು ಕಾರು ಹತ್ತಿಸಿದ ಕೊನೆಯ ಘಾಟಿಯ ಸಂಗತಿ ಅಲ್ಲಿ ಬರಲಿಲ್ಲ. ಅದನ್ನು ನೋಡಿದವನು ನಾನೊಬ್ಬನೇ.

ಮಳೆ ಬಿಟ್ಟ ಮೇಲಿನ ಒಂದು ಭಾನುವಾರ. ಅದೇ ಘಾಟಿ. ಮುಂದೆ ಲಾರಿ ಇರಲಿಲ್ಲ, ರಸ್ತೆ ಖಾಲಿ. ತಿರುವಿನಾಚೆ ಬಸ್ಸಿನ ಹಾರ್ನ್ ಕೇಳಿತು. ಬಾಯಮ್ಮ ನಿಲ್ಲುತ್ತಾರೆ ಎಂದುಕೊಂಡೆ. ನಿಲ್ಲಲಿಲ್ಲ. ನಾನು "ಬಾಯಮ್ಮಾ!" ಎಂದು ಕಿರುಚಿದ್ದಕ್ಕೆ ಬ್ರೇಕ್ ಒತ್ತಿದರು. ಬಸ್ಸೂ ಕಿರ್ರೆಂದು ಎದುರಿಗೇ ನಿಂತಿತು. ಚಾಲಕ ತಲೆ ಹೊರಹಾಕಿದ. "ಎಂತ ಅಜ್ಜಿ, ಅಷ್ಟು ಹಾರ್ನ್ ಹಾಕಿದ್ದು ಕೇಳುದಿಲ್ವಾ?"

ಬಸ್ಸು ಪಕ್ಕದಿಂದ ಇಳಿದುಹೋಯಿತು. ಬಾಯಮ್ಮ ಕಾರನ್ನು ನಿಧಾನವಾಗಿ ಅಗಲ ಜಾಗಕ್ಕೆ ತಂದು ನಿಲ್ಲಿಸಿದರು. ನನ್ನತ್ತ ನೋಡದೆಯೇ ಕೇಳಿದರು.

"ಪೇಪರಿನವ, ಅವ ಹಾರ್ನ್ ಹಾಕಿದ್ನಾ?"

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಅವರು ನಂಬುತ್ತಿದ್ದರು.

"ಹಾಕಿದ."

"ನಿಂಗೆ ಸರಿ ಕೇಳಿತಾ?"

"ಕೇಳಿತು. ಎರಡು ಸಲ."

"ನಂಗೆ ಕೇಳ್ಲಿಲ್ಲ ಮಾರಾಯ" ಎಂದರು. ಬಂಗುಡೆಯ ವಿಷಯದಲ್ಲಿ ಸೋತಾಗ ಇರುತ್ತಿದ್ದ ಧ್ವನಿಯೇ. ಇಳಿದು, ಸುತ್ತು ಹಾಕಿ ಬಂದು ನನ್ನ ಬದಿಯ ಬಾಗಿಲು ತೆರೆದರು. "ಸರಿ, ಆಚೆ ಸ್ಟಿಯರಿಂಗಿಗೆ ಹೋಗು. ಚಾ ಇವತ್ತು ಮನೆಯಲ್ಲೇ."

ಬಜಗೋಳಿ ಬರುವವರೆಗೂ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಕಾರ್ಕಳ ದಾಟಿದ ಮೇಲೆ ನನ್ನ ಗೇರು ಬದಲಿಸುವ ಕ್ರಮವನ್ನು ಬೈಯತೊಡಗಿದರು: "ಕ್ಲಚ್ ಪೂರ್ತಿ ಒತ್ತು, ಅದು ನಿನ್ನ ಆಫೀಸಿನ ಕುರ್ಚಿ ಅಲ್ಲ." ನನಗೆ ಸ್ವಲ್ಪ ಸಮಾಧಾನವಾಯಿತು.

ಶಿರ್ವದ ಅಂಗಳದಲ್ಲಿ ಕಾರು ನಿಲ್ಲಿಸಿ ನಾನು ಕೂಡಲೇ ಎಂಜಿನ್ ಬಂದ್ ಮಾಡಿದೆ.

"ಎಂತ ಮಾಡಿದ್ದು? ಸ್ಟಾರ್ಟ್ ಮಾಡು. ಘಾಟಿಗೆ ಮೂರು."

ಅರ್ಧಕ್ಕೆ ತಿರುಗಿ, ಇಳಿಜಾರಿನಲ್ಲಿ ಇಳಿದು, ಸಪಾಟು ರಸ್ತೆಯಲ್ಲಿ ಮೆಲ್ಲಗೆ ಬಂದ ಕಾರಿಗೆ ಅದರ ಅಗತ್ಯವಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ನಾನು ಮತ್ತೆ ಸ್ಟಾರ್ಟ್ ಮಾಡಿದೆ. ಬಾಯಮ್ಮ ಕೈಗಳನ್ನು ಮಡಿಲಲ್ಲಿಟ್ಟು, ಕಣ್ಣು ಮುಚ್ಚಿದರು. ತುಟಿ ಅಲ್ಲಾಡಿತು. ಒಂದು ಆಮೆನ್, ಎರಡು, ಮೂರು. ನಾನು ಕೀಲಿಗೆ ಕೈ ಹಾಕಿದೆ.

ಬಾಯಮ್ಮ ನಾಲ್ಕನೆಯದನ್ನು ಶುರು ಮಾಡಿದರು.