ಬಾತುಗಳನ್ನು ರಸ್ತೆ ದಾಟಿಸಿದ್ದು

ಮೊನ್ನೆ ಶಿವಾಜಿನಗರದ ಮಾರುಕಟ್ಟೆಗೆ ನಿಂಬೆಹಣ್ಣು ಕೊಳ್ಳಲು ಹೋದವನು ಮೊಟ್ಟೆ ಅಂಗಡಿಯ ಮುಂದೆ ನಿಂತುಬಿಟ್ಟೆ. ಕೋಳಿಮೊಟ್ಟೆಯ ಟ್ರೇಗಳ ಪಕ್ಕದಲ್ಲೊಂದು ಬುಟ್ಟಿ. ಅದರಲ್ಲಿ ಹುಲ್ಲಿನ ಮೇಲೆ ತುಸು ದೊಡ್ಡದಾದ, ನಸುನೀಲಿ ಮೊಟ್ಟೆಗಳು. ಒಂದೆರಡರ ಮೇಲೆ ಒಣಗಿದ ಕೆಸರು ಹಾಗೇ ಇತ್ತು. "ಬಾತು ಮೊಟ್ಟೆ ಸಾರ್, ಮೂಲವ್ಯಾಧಿಗೆ ಒಳ್ಳೇದು" ಎಂದ ಅಂಗಡಿಯವನು. ನನಗೆ ಆ ವ್ಯಾಧಿ ಇಲ್ಲ. ನನ್ನ ಮುಖದಲ್ಲಿ ಅವನಿಗೆ ಏನು ಕಂಡಿತೋ! ಆದರೂ ಎರಡು ಕೊಂಡೆ. ಮರೆತೆನೆಂದುಕೊಂಡ ವಿಷಯಗಳು ಹೀಗೆ ತರಕಾರಿ ಚೀಲದೊಳಗೆ ಸೇರಿ ಮನೆಗೆ ಬರುವುದು ನಿಮಗೂ ಗೊತ್ತಿರಬೇಕು.

ಕೆಲವು ವರ್ಷಗಳ ಹಿಂದೆ ನಾನು ಕೃಷ್ಣರಾಜಪುರದ ಆಚೆ, ಕೆರೆಯೊಂದರ ಪಕ್ಕದ ಹಳೆಯ ಊರಿನಲ್ಲಿ, ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದೆ. ಹಲಸೂರಿನ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ನನ್ನ ಕೆಲಸ, ಈಗಲೂ ಅದೇ. ಮದುವೆ ಎನ್ನುವುದು ಒಂದೆರಡು ಬಾರಿ ಹತ್ತಿರ ಬಂದು, ನನ್ನನ್ನು ಚೆನ್ನಾಗಿ ನೋಡಿ, ಹಿಂದಕ್ಕೆ ಹೋಗಿತ್ತು. ಭಾನುವಾರಗಳಲ್ಲಿ ಮಾತನಾಡಲು ಯಾರೂ ಸಿಗದೆ, ಗಂಟಲು ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ಸಂಜೆ ಒಮ್ಮೆ ಗಟ್ಟಿಯಾಗಿ ಕೆಮ್ಮಿ ನೋಡುತ್ತಿದ್ದೆ.

ನನ್ನ ಕಿಟಕಿಯ ಕೆಳಗೇ ಗೌರಕ್ಕನ ಹಿತ್ತಲು. ಐವತ್ತೈದರ ಆಸುಪಾಸು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಹಿಂದೆ ಕೆರೆಯ ಕೆಳಗೆ ಭತ್ತ ಬೆಳೆಯುತ್ತಿದ್ದ ಮನೆತನ. ಗದ್ದೆ ಹೋಗಿ ಲೇಔಟ್ ಆದ ಮೇಲೂ ಆಕೆ ಬಾತುಗಳನ್ನು ಮಾತ್ರ ಬಿಟ್ಟಿರಲಿಲ್ಲ. ಹತ್ತೊಂಬತ್ತು ಇದ್ದವು. ಬೆಳಿಗ್ಗೆ ಒಂಬತ್ತರವರೆಗೆ ಅವನ್ನು ಗೂಡಿನಿಂದ ಹೊರಗೆ ಬಿಡಬಾರದು, ಬಿಟ್ಟರೆ ಮೊಟ್ಟೆಯನ್ನು ನೀರಿನಲ್ಲೇ ಇಟ್ಟು ಬರುತ್ತವೆ; ಜೋರಾಗಿ ಅರಚುವುದು ಹೆಣ್ಣು, ಗಂಡಿನದು ಶೀತ ಹಿಡಿದ ದನಿ; ಕಾವು ಕೂರುವ ತಾಳ್ಮೆ ಅವಕ್ಕೆ ಕಡಿಮೆ, ಮೊಟ್ಟೆಗಳನ್ನು ಕೋಳಿಯ ಕೆಳಗಿಡಬೇಕು. ಇಷ್ಟನ್ನೆಲ್ಲ ಕಿಟಕಿಯಲ್ಲಿ ನಿಂತೇ ಕಲಿತೆ.

ಒಂದು ದಿನ ಗೌರಕ್ಕ ತಲೆ ಎತ್ತಿದಳು. "ದಿನಾ ಮೇಲಿಂದ ನೋಡ್ತೀರಲ್ಲ ಸಾರ್, ಕೆಳಗ್ ಬಂದು ಒಂದ್ ಕೈ ಹಾಕ್ಬಾರ್ದಾ?"

ಇಳಿದು ಹೋದೆ. ಕಾವಿಗಿಟ್ಟ ಮೊಟ್ಟೆಯೊಂದನ್ನು ಆಕೆ ಕತ್ತಲೆಯ ಮೂಲೆಗೆ ಒಯ್ದು, ಟಾರ್ಚಿನ ಬೆಳಕಿಗೆ ಹಿಡಿದು, ಒಳಗಿನ ಕೆಂಪು ಎಳೆಗಳನ್ನು ತೋರಿಸಿದಳು. "ಜೀವ ಬಂದಿದೆ, ನೋಡಿ." ದಿನವಿಡೀ ಗಾಜಿನಲ್ಲಿ ಕಣ್ಣಿಡುವ ನಾನು ಅಂಥದ್ದನ್ನು ಕಂಡಿರಲಿಲ್ಲ.

ಆ ವರ್ಷವೇ ಕೆರೆಗೆ ವಾಕಿಂಗ್ ಟ್ರ್ಯಾಕ್ ಬಂತು, ಸುತ್ತ ಬೇಲಿ ಬಂತು. ಹಿತ್ತಲಿನಿಂದ ನೇರ ನೀರಿಗಿಳಿಯುತ್ತಿದ್ದ ಬಾತುಗಳು ಈಗ ದೊಡ್ಡ ರಸ್ತೆ ದಾಟಿ, ಆಚೆ ಉಳಿದಿದ್ದ ಸಣ್ಣ ನೀರಿನ ಕುಂಟೆಗೆ ಹೋಗಬೇಕಾಯಿತು. ಹಿಂದಿನಿಂದ ಬಾತು ಅಟ್ಟುತ್ತಾ ಮುಂದಿನಿಂದ ಗಾಡಿ ನಿಲ್ಲಿಸಲು ಒಬ್ಬರಿಂದ ಸಾಧ್ಯವಿಲ್ಲ. ಗಾಡಿ ನಿಲ್ಲಿಸುವ ಹುದ್ದೆ ನನಗೆ ಬಂತು. ಬೆಳಿಗ್ಗೆ ಒಂಬತ್ತಕ್ಕೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಪ್ಪು ಕೊಡೆ ಬಿಚ್ಚಿ ಹಿಡಿದು ರಸ್ತೆಯ ನಡುವೆ ನಿಲ್ಲುತ್ತಿದ್ದೆ. ಬಸ್ಸು, ಟ್ಯಾಂಕರು, ಆಫೀಸಿನ ಕ್ಯಾಬು ಎಲ್ಲವೂ ನನ್ನ ಕೊಡೆಗೆ ನಿಂತವು. ಬಾತುಗಳು ಯಾವ ಅವಸರವೂ ಇಲ್ಲದೆ ಸಾಲಾಗಿ ನಡೆದವು. "ಏನ್ ಗುರು, ಮದ್ವೆ ಮೆರವಣಿಗೆನಾ?" ಎಂದು ಬೈಕಿನವನೊಬ್ಬ ಕೂಗಿದಾಗ ಗೌರಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ತಿಂಗಳುಗಳಲ್ಲಿ ನಾನು ಕೆಮ್ಮಿ ನೋಡುವ ಅಗತ್ಯ ಬೀಳಲಿಲ್ಲ.

ಹೇಳಲು ಕಷ್ಟವಾಗುವ ಭಾಗ ಇನ್ನು ಮುಂದಿನದು. ನಿಂತ ಗಾಡಿಗಳ ನಡುವೆ ಒಂದು ದಿನ ನಮ್ಮ ಅಂಗಡಿಯ ಸಹೋದ್ಯೋಗಿಯೊಬ್ಬನಿದ್ದ. ನಾನು ಕೆಲಸಕ್ಕೆ ಹೋಗುವಷ್ಟರಲ್ಲಿ ಸುದ್ದಿ ಹರಡಿತ್ತು. ಗಿರಾಕಿ ಹೊರಗೆ ಹೋದಾಗಲೆಲ್ಲ ಯಾರಾದರೊಬ್ಬರು ಬಾತಿನಂತೆ ಕೂಗುವರು. ನಾನೂ ನಕ್ಕೆ. ಸಂಜೆಯ ತನಕ ನಕ್ಕೆ.

ಮರುದಿನ ಒಂಬತ್ತಕ್ಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಕೆಳಗಿನಿಂದ ಗೌರಕ್ಕ ಎರಡು ಸಲ ಕರೆದಳು: "ಸಾರ್... ಸಾರ್..." ನಾನು ಉಸಿರು ಬಿಗಿಹಿಡಿದೆ. ಬಾತುಗಳ ಗದ್ದಲ ದೂರವಾಯಿತು. ಆಮೇಲೆ ಬ್ರೇಕಿನ ಸದ್ದು ಕೇಳಿಸಿತು.

ನೀರಿನ ಟ್ಯಾಂಕರ್. ಹನ್ನೊಂದು ಬಾತುಗಳು ಹೋದವು.

ಕೆಲಸಕ್ಕೆ ಹೋಗದೆ ಕೋಣೆಯಲ್ಲೇ ಉಳಿದೆ. ಮಧ್ಯಾಹ್ನ ಬಾಗಿಲು ತಟ್ಟಿದ್ದು ಗೌರಕ್ಕ. ಕಣ್ಣು ಕೆಂಪಗಿತ್ತು, ಕೈಯಲ್ಲಿ ಒಂದು ಲೋಟವಿತ್ತು. "ಕರೆದ್ರೂ ಏಳ್ಲಿಲ್ಲ, ಜ್ವರ ಇರ್ಬೇಕು ಅಂದ್ಕೊಂಡೆ. ಮೆಣಸಿನ ಸಾರು, ಬಿಸಿ ಇದ್ದಾಗ್ಲೇ ಕುಡೀರಿ."

"ಹೌದು, ಸ್ವಲ್ಪ ಜ್ವರ" ಎಂದೆ. ಆಕೆ ನೋಡುತ್ತಿದ್ದಂತೆಯೇ ಕುಡಿದು ಮುಗಿಸಿದೆ.

ಉಳಿದ ಎಂಟನ್ನು ರಸ್ತೆಗಿಳಿಸಲು ಆಕೆಗೆ ಧೈರ್ಯ ಬರಲಿಲ್ಲ. ಎರಡು ವಾರದ ನಂತರ ಹೊಸಕೋಟೆಯಾಚೆಯ ತಂಗಿಯ ಊರಿಗೆ ಹೊರಟು ನಿಂತಳು. ಬಾತುಗಳ ಬುಟ್ಟಿಗಳನ್ನು ಗೂಡ್ಸ್ ಆಟೋಗೆ ಏರಿಸುವಾಗ ನನ್ನಿಂದ ತಡೆಯಲಾಗಲಿಲ್ಲ. "ಗೌರಕ್ಕ, ಅವತ್ತು ನಂಗೆ ಜ್ವರ ಇರ್ಲಿಲ್ಲ. ನಾಚ್ಕೆ ಆಗಿ ಬರ್ಲಿಲ್ಲ."

ಆಕೆ ಹಗ್ಗದ ಗಂಟು ಬಿಗಿದು ಮುಗಿಸಿದಳು. "ಹೇಳ್ದೆ ಇದ್ದಿದ್ರೆ ಆಗ್ತಿತ್ತು ಸಾರ್. ಟ್ಯಾಂಕರ್‌ನೋನ್ನ ಬೈಕೊಂಡು ಇದ್ಬಿಡ್ತಿದ್ದೆ." ಆಟೋ ಹತ್ತಿದವಳು ಮತ್ತೆ ನನ್ನ ಕಡೆ ತಿರುಗಲಿಲ್ಲ. ನನ್ನ ಮನಸ್ಸು ಹಗುರ ಮಾಡಿಕೊಳ್ಳಲು ಆ ಭಾರವನ್ನು ಆಕೆಯ ಬುಟ್ಟಿಗೆ ಹಾಕಿ ಕಳಿಸಿದೆನೆಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ಅಷ್ಟರಲ್ಲಿ ನಾನೂ ಆ ಕೋಣೆ ಬಿಟ್ಟು ಬಾಣಸವಾಡಿಗೆ ಬಂದಿದ್ದೆ.

ಮಾರುಕಟ್ಟೆಯಿಂದ ತಂದ ಎರಡೂ ಮೊಟ್ಟೆಗಳನ್ನು ಆ ಸಂಜೆ ಬೇಯಿಸಿ ತಿಂದೆ. ಭಾನುವಾರ ಹೊಸಕೋಟೆಯ ಬಸ್ಸು ಹತ್ತಿ, ಗೌರಕ್ಕನ ತಂಗಿಯ ಊರನ್ನು ಕೇಳಿಕೊಂಡು ಹೋದೆ.

ಗೌರಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಾತುಗಳು ಮೂವತ್ತಕ್ಕೂ ಹೆಚ್ಚಿದ್ದವು. ಕುಂಟೆ ಮನೆಯ ಹಿಂದೆಯೇ. ಆಕೆ ನನ್ನನ್ನು ತುಸು ಹೊತ್ತು ನೋಡಿದಳು, ಬನ್ನಿ ಎನ್ನಲಿಲ್ಲ.

"ಸುಮ್ನೆ ಬಂದೆ ಗೌರಕ್ಕ" ಎಂದೆ.

"ಸುಮ್ನೆ ಬಂದೋರು ಸುಮ್ನೆ ಯಾಕ್ ನಿಂತಿದ್ದೀರಿ? ಆ ತೌಡು ಕಲಸಿ."

ಅಂಗಿಯ ತೋಳು ಮಡಿಚಿ, ಬಕೆಟ್ಟಿನಲ್ಲಿ ಮೊಣಕೈವರೆಗೂ ಕೈ ಇಳಿಸಿ ಕಲಸಿದೆ. ಹೊರಡುವಾಗ ಆಕೆ ಮತ್ತೆ ಬನ್ನಿ ಎಂದೂ ಹೇಳಲಿಲ್ಲ, ಬರಬೇಡಿ ಎಂದೂ ಹೇಳಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರು. "ಏನ್ರೀ ಇದು ವಾಸ್ನೆ?"

"ಬಾತುಗಳದ್ದು ಸಾರ್" ಎಂದೆ. ನನ್ನ ದನಿ ನಾನೆಣಿಸಿದ್ದಕ್ಕಿಂತ ಜೋರಾಗಿಯೇ ಬಂತು. ಮುಂದಿನ ಸೀಟಿನವರೂ ತಿರುಗಿದರು. "ಇಷ್ಟೊತ್ತು ಅವಕ್ಕೆ ತೌಡು ಕಲಸ್ತಿದ್ದೆ."

ಅವರು ಎದ್ದು ಬೇರೆ ಕಡೆ ಹೋಗಿ ಕುಳಿತರು. ಕೃಷ್ಣರಾಜಪುರ ಬರುವವರೆಗೂ ನನ್ನ ಪಕ್ಕದ ಸೀಟು ಖಾಲಿಯೇ ಇತ್ತು.